ಕೆಂಚನಿಗೆ ಅರ್ಧ ಟಿಕೆಟ್

ನಮ್ಮೂರಿನ ಹೆಸರು ಹೇಳಿದರೆ ಹೊಸಬರು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ‘ಅಂಥ ಅರಸ ಯಾರು ಸ್ವಾಮಿ?’ ಅನ್ನುತ್ತಾರೆ. ತುಮಕೂರಿನ ಅಂತರಸನಹಳ್ಳಿಯ ಮಾರುಕಟ್ಟೆಯ ಒಂದು ಮಂಡಿಯಲ್ಲಿ ನಾನು ವರ್ಷಗಟ್ಟಲೆ ಲೆಕ್ಕ ಬರೆದವನು. ಈರುಳ್ಳಿಯವನು ಬಂದ, ಟೊಮೆಟೊದವನು ಬಂದ, ಬಾಕಿ ವಸೂಲಿಯವನು ದಿನಕ್ಕೆರಡು ಸಲ ಬಂದ. ಅರಸ ಮಾತ್ರ ಬರಲಿಲ್ಲ. ಬಂದದ್ದು ಕೆಂಚ. ಮಳೆಗಾಲದ ಒಂದು ಬೆಳಗಿನ ಜಾವ ಈರುಳ್ಳಿ ಚೀಲಗಳ ಸಂದಿಯಲ್ಲಿ ನಡುಗುತ್ತ ಬಿದ್ದಿದ್ದ ಕೆಂದು ಬಣ್ಣದ ಮರಿ. ಹರಾಜು ಕೂಗುವವನು ತಮಾಷೆಗೆ ಅದನ್ನು ಎತ್ತಿ ಹಿಡಿದು ‘ಒಂದನೇ ಸಲ, ಎರಡನೇ ಸಲ’ ಅಂದ. ಅಷ್ಟರಲ್ಲಿ ನನಗೆ ಕೆಮ್ಮು ಬಂತು. ಹರಾಜಿನ ಹೊತ್ತಿನಲ್ಲಿ ಕೆಮ್ಮಿದರೂ ಕೂಗಿದಂತೆಯೇ ಲೆಕ್ಕ. ಹೀಗೆ ನಾನು ನಾಯಿಯ ಯಜಮಾನನಾದೆ.

ಕೆಂಚ ನಮ್ಮ ಮನೆಗೆ ಬಂದು ಒಂಬತ್ತು ವರ್ಷ. ಇಷ್ಟು ವರ್ಷದಲ್ಲಿ ಅವನು ಕಂಡ ನೀರು ಎರಡೇ ಬಗೆಯದು. ಒಂದು, ಅವನ ಬಟ್ಟಲಿನದು. ಇನ್ನೊಂದು, ನಲ್ಲಿ ಬಿಟ್ಟ ದಿನ ನಮ್ಮನೆಯವಳು ಹಿಡಿಯುವ ಪೈಪಿನದು. ಆ ಎರಡನೆಯದನ್ನು ಕಂಡರೆ ಅವನು ಕಾಂಪೌಂಡು ಹಾರಿ ಹೆದ್ದಾರಿಯವರೆಗೂ ಓಡುತ್ತಾನೆ. ಇಂಥ ಪ್ರಾಣಿಯನ್ನು ದೋಣಿ ಹತ್ತಿಸಬೇಕೆಂಬ ಆಲೋಚನೆ ಬುದ್ಧಿ ಇದ್ದವರಿಗೆ ಬರುವಂಥದ್ದಲ್ಲ. ಅದು ಬಂದದ್ದು ವಾಟ್ಸಾಪಿನಲ್ಲಿ.

ಮಗ ಸೊಸೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದಾರೆ. ರಜೆಗೆ ಒಂದು ದೋಣಿಯನ್ನು ವಾರಕ್ಕೆ ಬಾಡಿಗೆ ಹಿಡಿದು ಕಾಲುವೆಯ ಮೇಲೆ ಹೊರಟಿದ್ದರು. ಪಟ ಕಳಿಸಿದರು. ದೋಣಿಯ ಚಾವಣಿಯ ಮೇಲೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಅವರ ನಾಯಿ, ಮದುವೆಗೆ ಬಂದ ಬೀಗರ ಗತ್ತಿನಲ್ಲಿ ಕೂತಿದೆ. ಪಕ್ಕದಲ್ಲಿ ಹೂವಿನ ಕುಂಡ. ನಮ್ಮನೆಯವಳು ಪಟವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಆಮೇಲೆ ಬಾಗಿಲ ಬಳಿ ಮಲಗಿದ್ದ ಕೆಂಚನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಲವತ್ತು ವರ್ಷ ಸಂಸಾರ ಮಾಡಿದವನಿಗೆ ಆ ಮೂರನೇ ನೋಟದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

‘ಪಾಪ, ಇವನೂ ಎಲ್ಲೂ ಹೋಗಿಲ್ಲ ಕಣ್ರೀ.’

‘ನಾನೂ ಎಲ್ಲೂ ಹೋಗಿಲ್ಲ.’

‘ನಿಮ್ಮದು ಬಿಡಿ.’

ಮಗನಿಗೆ ಫೋನು ಹಚ್ಚಿ ವಿಚಾರಿಸಿದೆ. ಆ ದೋಣಿಯ ಉದ್ದ 70 ಅಡಿಯವರೆಗೂ ಇರಬಹುದಂತೆ, ಅಗಲ ಮಾತ್ರ 7 ಅಡಿಯನ್ನೂ ಮುಟ್ಟುವುದಿಲ್ಲವಂತೆ. ಅಂದರೆ ರೈಲುಡಬ್ಬಿಯನ್ನು ಯಾರೋ ಎರಡೂ ಕಡೆಯಿಂದ ಹಿಂಡಿದ ಹಾಗೆ. ಅಲ್ಲೇ ಒಲೆ, ಅಲ್ಲೇ ಮಂಚ, ಅಲ್ಲೇ ಬಚ್ಚಲು. ವೇಗ ಗಂಟೆಗೆ 4 ಮೈಲಿ ಮೀರಬಾರದೆಂದು ಕಾನೂನು. ನಮ್ಮ ಮಾರುಕಟ್ಟೆಯ ಹಮಾಲಿ ಬೆನ್ನ ಮೇಲೆ ಮೂಟೆ ಹೊತ್ತುಕೊಂಡು ಅದಕ್ಕಿಂತ ಜೋರಾಗಿ ಹೋಗುತ್ತಾನೆ. ಇದಕ್ಕೆ ದುಡ್ಡು ಕೊಡಬೇಕೇ ಅಂದೆ. ‘ಅಪ್ಪಾ, ನಿಧಾನಕ್ಕೇ ದುಡ್ಡು ಕೊಡೋದು’ ಅಂದ ಮಗ. ಓದಿಸಿದ್ದು ಹೆಚ್ಚಾಯಿತು ಅಂತ ನನಗೆ ಅನುಮಾನ ಬಂದದ್ದು ಆಗಲೇ.

ಈ ಕಾಲುವೆಗಳ ಕಥೆ ಮಾತ್ರ ರುಚಿಯಾಗಿದೆ. ಇನ್ನೂರು ವರ್ಷದ ಹಿಂದೆ ಅವುಗಳ ಮೇಲೆ ಕಲ್ಲಿದ್ದಲು, ಪಿಂಗಾಣಿ ಸಾಗುತ್ತಿದ್ದಾಗ ದೋಣಿಗೆ ಯಂತ್ರವಿರಲಿಲ್ಲ, ಕುದುರೆ ಇತ್ತು. ಕುದುರೆ ದಡದ ಮೇಲೆ ಹಗ್ಗ ಎಳೆಯುತ್ತ ನಡೆಯುವುದು, ದೋಣಿ ನೀರಲ್ಲಿ ಹಿಂದೆ ಹಿಂದೆ ತೇಲುವುದು. ಬೆಟ್ಟ ಅಡ್ಡ ಬಂದಲ್ಲಿ ಸುರಂಗ. ಎಷ್ಟೋ ಸುರಂಗಗಳಲ್ಲಿ ಕುದುರೆ ನಡೆಯಲು ದಾರಿ ಇರುತ್ತಿರಲಿಲ್ಲ. ಆಗ ಕುದುರೆಯನ್ನು ಬಿಚ್ಚಿ ಬೆಟ್ಟದ ಮೇಲಿಂದ ನಡೆಸಿಕೊಂಡು ಹೋಗುತ್ತಿದ್ದರು. ಮನುಷ್ಯರು ದೋಣಿಯ ಮೇಲೆ ಅಂಗಾತ ಮಲಗಿ, ಸುರಂಗದ ಗೋಡೆಗೆ ಕಾಲು ಕೊಟ್ಟು, ಗೋಡೆಯ ಮೇಲೆ ನಡೆದ ಹಾಗೆ ಒದ್ದು ಒದ್ದು ದೋಣಿ ನೂಕಬೇಕು. ಮೇಲೆ ಕುದುರೆ ಹುಲ್ಲು ಮೇಯುತ್ತ ಗಾಳಿ ಸೇವಿಸುತ್ತಿದೆ. ಕೆಳಗೆ ಕತ್ತಲಲ್ಲಿ ಯಜಮಾನ ಕಾಲು ಮೇಲೆ ಮಾಡಿಕೊಂಡು ಒದ್ದಾಡುತ್ತಿದ್ದಾನೆ. ಪ್ರಾಣಿ ಸಾಕಿದವರ ಬದುಕನ್ನು ಇದಕ್ಕಿಂತ ಚೆನ್ನಾಗಿ ಯಾರೂ ಚಿತ್ರಿಸಿಲ್ಲ.

ವೇಲ್ಸಿನಲ್ಲಿ ಪಾಂಟ್‌ಕಸಲ್ತೆ ಅಂತ ಒಂದು ಮೇಲ್ಗಾಲುವೆ ಇದೆಯಂತೆ. 1805ರಲ್ಲಿ ಮುಗಿದದ್ದು, ಟೆಲ್‌ಫರ್ಡ್ ಎಂಬ ಎಂಜಿನಿಯರನ ಕೆಲಸ. ಕೆಳಗೆ ನದಿ, ಅದರ ಮೇಲೆ 126 ಅಡಿ ಎತ್ತರದಲ್ಲಿ ಕಬ್ಬಿಣದ ತೊಟ್ಟಿಯಲ್ಲಿ ಕಾಲುವೆ. ದೋಣಿ ಆಕಾಶದಲ್ಲೇ ಹೋಗುತ್ತದೆ. ಒಂದು ಪಕ್ಕ ಕಾಲುದಾರಿ, ಅದಕ್ಕೆ ಕಂಬಿ ಉಂಟು. ಇನ್ನೊಂದು ಪಕ್ಕ ಕಂಬಿ ಗಿಂಬಿ ಏನೂ ಇಲ್ಲ. ತೊಟ್ಟಿಯ ಅಂಚು, ಅದರಾಚೆ ಗಾಳಿ. ಮಗ ಅಲ್ಲಿಂದ ವಿಡಿಯೊ ಕಾಲ್ ಮಾಡಿದ. ನಾಯಿಯನ್ನು ಒಳಗೆ ಕೂಡಿ ಬಾಗಿಲು ಹಾಕಿದ್ದ, ತಾನು ಹೊರಗೆ ನಿಂತಿದ್ದ. ‘ನಾಯಿಗಿರೋ ಬಂದೋಬಸ್ತು ನಿನಗೂ ಇರಲಿ, ಒಳಗೆ ಹೋಗೋ’ ಅಂತ ನಮ್ಮನೆಯವಳು ಇಲ್ಲಿಂದ ಕೂಗಿದ್ದಕ್ಕೆ ಪಕ್ಕದ ಮನೆ ಮೇಷ್ಟ್ರು ಓಡಿಬಂದರು.

ಮೇಷ್ಟ್ರಿಗೆ ಪಟ ತೋರಿಸಿದ್ದು ಇನ್ನೊಂದು ತಪ್ಪು. ಅವರು ಕನ್ನಡಕ ಏರಿಸಿ, ಇದಕ್ಕೊಂದು ಪುಸ್ತಕವೇ ಇದೆ ಅಂದರು. 1889ರಲ್ಲಿ ಜೆರೋಮ್ ಎಂಬಾತ ಬರೆದದ್ದಂತೆ, ದೋಣಿಯಲ್ಲಿ ಥೇಮ್ಸ್ ನದಿಯ ಮೇಲೆ ಹೊರಟ ಮೂವರ ಕಥೆ. ನಾಲ್ಕನೆಯದು ನಾಯಿ, ಮಾಂಟ್‌ಮೊರೆನ್ಸಿ ಅಂತ. ಆ ಮೂವರು ನಿಜವಾಗಿದ್ದ ಸ್ನೇಹಿತರ ಪಡಿಯಚ್ಚು, ನಾಯಿ ಮಾತ್ರ ಕಟ್ಟಿದ್ದು. ‘ನೋಡಿ, ಬುದ್ಧಿವಂತ. ನಾಯಿಯನ್ನು ಪುಸ್ತಕದಲ್ಲೇ ಹತ್ತಿಸಿ, ಪುಸ್ತಕದಲ್ಲೇ ಇಳಿಸಿದ’ ಅಂದೆ. ನಮ್ಮನೆಯವಳಿಗೆ ಆ ಮಾತು ಕೇಳಿಸಲೇ ಇಲ್ಲ. ಬೇಡದ ಮಾತು ಅವಳಿಗೆ ಕೇಳಿಸುವುದಿಲ್ಲ, ಕಿವಿ ಸರಿಯಾಗಿದೆ.

ಈಗ ನೀರು ಹುಡುಕುವ ಪ್ರಶ್ನೆ.

ತುಮಕೂರಿನವರಿಗೆ ನದಿ ಇಲ್ಲವೆಂದಲ್ಲ. ಧಾರಾಳವಾಗಿವೆ, ಹುಟ್ಟುವ ತನಕ. ದೇವರಾಯನದುರ್ಗದ ಬೆಟ್ಟದಲ್ಲಿ ಜಯಮಂಗಲಿ ಹುಟ್ಟಿ ಕೊರಟಗೆರೆ ಕಡೆಗೆ ಇಳಿದು ಕೊನೆಗೆ ಪೆನ್ನಾರಿಗೆ ಸೇರುತ್ತಾಳೆ. ಅದೇ ಬೆಟ್ಟದ ಸೀಮೆಯಲ್ಲಿ ಶಿಂಷೆ ಹುಟ್ಟಿ ಗುಬ್ಬಿ ಸೀಮೆಗೆ ಬಂದು, ಕಡಬದ ಕೆರೆ ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ನಿಂತು, ಮುಂದೆ ಮದ್ದೂರಿನ ಮೇಲಾಸಿ ಕಾವೇರಿಗೆ ಸೇರುತ್ತಾಳೆ. ಅಕ್ಕತಂಗಿಯರು ತವರಲ್ಲಿ ಜಗಳವಾಡಿ ಒಬ್ಬಳು ಆಂಧ್ರಕ್ಕೆ, ಇನ್ನೊಬ್ಬಳು ಮಂಡ್ಯಕ್ಕೆ ಹೊರಟ ಹಾಗೆ. ತವರಿನವರಾದ ನಮಗೆ ಇಬ್ಬರೂ ಏನೂ ಬಿಟ್ಟುಹೋಗಿಲ್ಲ. ಬೇಸಿಗೆಯಲ್ಲಿ ಜಯಮಂಗಲಿಯನ್ನು ಕೆಂಚ ಉಗುರು ನೆನೆಯದಂತೆ ದಾಟಬಲ್ಲ. ನಾವು ಕುಡಿಯುವುದೂ ಹೇಮಾವತಿ ನೀರು, ಗೊರೂರಿನಿಂದ ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆಯಲ್ಲಿ ದಣಿವಾರಿಸಿಕೊಂಡು ಮನೆಗೆ ಬರುವುದು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರಿನ ನೀರು ಕುಡಿದೂ ನನ್ನ ಹರಟೆ ಹೀಗಿದೆಯಲ್ಲ ಅಂದರೆ, ಪೈಪಿನ ದೋಷ.

ನಾಲೆಯಲ್ಲೇ ದೋಣಿ ಬಿಟ್ಟರೇನು ಅಂದಳು ನಮ್ಮನೆಯವಳು, ಇಂಗ್ಲೆಂಡಿನವರ ಹಾಗೆ. ನಾಲೆಗೆ ನೀರು ಬಿಡುವ ದಿನ ಯಾವ ತಾಲ್ಲೂಕಿಗೆ ಎಷ್ಟು ಅಂತ ಹೊಡೆದಾಟ ನಡೆಯುವಾಗ, ನಾವಿಬ್ಬರು ನಾಯಿಯ ಜತೆ ಛತ್ರಿ ಹಿಡಿದು ತೇಲಿಬಂದರೆ ದಡದ ಮೇಲಿರುವ ರೈತರು ಯಾವ ಭಾಷೆಯಲ್ಲಿ ಸ್ವಾಗತ ಮಾಡುತ್ತಾರೆಂದು ವಿವರಿಸಿದೆ. ಆ ಭಾಷೆಯ ಒಂದೆರಡು ಮಾದರಿಯನ್ನೂ ಕೊಟ್ಟೆ. ಒಪ್ಪಿದಳು.

ಉಳಿದದ್ದು ಕೆರೆ. ಈ ಸೀಮೆಯ ನಿಜವಾದ ಐಶ್ವರ್ಯ ಅದು. ಊರ ನಡುವೆಯೇ ಅಮಾನಿಕೆರೆ ಉಂಟು. ಅಮಾನಿ ಅಂದರೆ ಯಾರಿಗೂ ಗುತ್ತಿಗೆ ಕೊಡದೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುವುದು. ಹಳೆಯ ಕಂದಾಯದ ಮಾತು. ಮಂಡಿ ಲೆಕ್ಕದವನಿಗೆ ಇಂಥ ಶಬ್ದ ಕಂಡರೆ ಬಾಯಲ್ಲಿ ನೀರು. ಹಾಗೆ ನೋಡಿದರೆ ಕೆಂಚನೂ ಅಮಾನಿಯೇ, ನಮ್ಮನೆಯವಳ ನೇರ ಆಡಳಿತ. ನನ್ನದು ಬರೀ ಗುತ್ತಿಗೆ, ವರ್ಷವರ್ಷ ನವೀಕರಣವಾಗಬೇಕು.

ಒಂದು ಭಾನುವಾರ ಒಂದು ಕೆರೆಗೆ ಹೋದೆವು. ಯಾವ ಕೆರೆ ಅಂತ ಹೇಳುವುದಿಲ್ಲ. ಹತ್ತು ಜಿಲ್ಲೆಯ ಕೆರೆಗಳಲ್ಲಿ ಯಾವುದನ್ನು ಅಂದುಕೊಂಡರೂ ತಪ್ಪಿಲ್ಲ, ಬೋಟಿಂಗ್ ಕೌಂಟರು ಎಲ್ಲ ಕಡೆ ಒಂದೇ. ನೀರಿನ ಮೇಲೆ ಹಂಸದ ಆಕಾರದ ಪೆಡಲ್ ಬೋಟುಗಳು. ಕೌಂಟರಿನಲ್ಲಿ ಒಬ್ಬ ಹುಡುಗ, ಅವನ ಕೈಯಲ್ಲಿ ಟಿಕೆಟ್ ಮಷೀನು. ಮೇಲೆ ಬೋರ್ಡು: ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ.

‘ಅಂಕಲ್, ನಾಯಿ ಇದ್ರೆ ಆಗಲ್ಲ.’

‘ಅರ್ಧ ಟಿಕೆಟ್ ಕೊಡಪ್ಪ.’

‘ಮಷೀನಲ್ಲಿ ನಾಯಿ ಬರಲ್ಲ ಅಂಕಲ್. ದೊಡ್ಡೋರು, ಚಿಕ್ಕೋರು, ಕ್ಯಾಮೆರಾ. ಇಷ್ಟೇ ಇರೋದು.’

‘ಚಿಕ್ಕೋರು ಅಂತ ಒತ್ತು.’

‘ಚಿಕ್ಕೋರು ಅಂದ್ರೆ ಮೂರಡಿ ಮೇಲಿರ್ಬೇಕು. ಕೆಳಗಿದ್ರೆ ಫ್ರೀ. ಆದ್ರೆ ತಾಯಿ ತೊಡೆ ಮೇಲೆ ಕೂರ್ಬೇಕು.’

ನಮ್ಮನೆಯವಳು ತನ್ನ ತೊಡೆಯನ್ನೂ ಕೆಂಚನ 22 ಕೆ.ಜಿ. ಶರೀರವನ್ನೂ ಒಮ್ಮೆ ತೂಗಿ ನೋಡಿದಳು. ಅವಳು ಒಪ್ಪಿಯೇಬಿಡುತ್ತಿದ್ದಳು. ಹುಡುಗನೇ ಹೆದರಿ, ಸಾಹೇಬರು ಬೈತಾರೆ ಅಂದ. ಈ ಸಾಹೇಬರು ಯಾವ ಕೌಂಟರಿನಲ್ಲೂ ಇರುವುದಿಲ್ಲ, ಎಲ್ಲ ಕೌಂಟರಿನಲ್ಲೂ ಬೈಯುತ್ತಾರೆ. ಧರ್ಮರಾಯ ಸ್ವರ್ಗಕ್ಕೆ ಹೊರಟಾಗ ಇಂದ್ರನೂ ರಥದ ಬಾಗಿಲಲ್ಲಿ ನಿಂತು ನಾಯಿಗೆ ಜಾಗವಿಲ್ಲ ಅಂದವನೇ. ಧರ್ಮರಾಯ ನಾಯಿಯನ್ನು ಬಿಟ್ಟು ಹತ್ತುವುದಿಲ್ಲವೆಂದು ಹಟ ಹಿಡಿದ. ಅವನ ಹಿಂದೆ ಕ್ಯೂ ಇರಲಿಲ್ಲ. ನನ್ನ ಹಿಂದೆ ಮೂವತ್ತು ಜನ ಇದ್ದರು, ಅದರಲ್ಲಿ ಒಬ್ಬರು ನಮ್ಮ ಹಾಲಿನವರು.

ಬೋರ್ಡನ್ನು ಬೈಯುವುದು ಸುಲಭ, ಆದರೆ ಅದಕ್ಕೂ ಕಾರಣವುಂಟು. ಕೆರೆಯ ನಡುಗಡ್ಡೆಯಲ್ಲಿ, ಜೊಂಡಿನಲ್ಲಿ ನೀರಹಕ್ಕಿಗಳು ಗೂಡು ಕಟ್ಟಿರುತ್ತವೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಕೊಕ್ಕರೆಗಳು ಊರೊಳಗಿನ ಹುಣಸೆಮರದ ಮೇಲೆ ಸಂಸಾರ ಹೂಡಿ, ಸುತ್ತಲಿನ ಕೆರೆಗಳಿಂದ ಮೀನು ತಂದು ಮರಿ ಸಾಕುತ್ತವೆ. ಒಂದು ನಾಯಿ ಒಂದು ಸಲ ನುಗ್ಗಿದರೆ ಹಕ್ಕಿ ಮೊಟ್ಟೆ ಬಿಟ್ಟು ಏಳುತ್ತದೆ, ಅಷ್ಟರಲ್ಲಿ ಕಾಗೆ ಬರುತ್ತದೆ. ಇದನ್ನು ಹುಡುಗ ಹೇಳಿದ್ದರೆ ನಾನು ತಲೆಬಾಗಿ ವಾಪಸು ಬರುತ್ತಿದ್ದೆ. ಅವನು ಹೇಳಿದ್ದು ಮಷೀನಿನ ಕಾರಣ. ನನಗೆ ಉರಿದದ್ದು ಅದು. ಹಂಸದ ಹೊಟ್ಟೆಯೊಳಗೆ ಕೂತು ತುಳಿಯಬಹುದು, ನಾಯಿ ಜತೆಗಿದ್ದರೆ ಆಗದು ಅನ್ನುವ ತರ್ಕ ಬ್ರಹ್ಮನಿಗೂ ಹೊಳೆಯದು. ಅವನ ವಾಹನವೇ ಅದು ತಾನೆ?

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಬಸ್ಸಿನವರನ್ನು ಹೊಗಳಿದೆ. ಕೆ.ಎಸ್.ಆರ್.ಟಿ.ಸಿ.ಯ ಮಷೀನಿನಲ್ಲಿ ನಾಯಿ ಬರುತ್ತದೆ. ಮೊದಲು ನಾಯಿಗೆ ಪೂರ್ತಿ ಟಿಕೆಟ್ಟಿತ್ತು, 2022ರಲ್ಲಿ ಅರ್ಧಕ್ಕೆ ಇಳಿಸಿದರು. ಕೋಳಿಗೂ ಟಿಕೆಟ್ಟುಂಟು, ಹಕ್ಕಿಗೂ ಉಂಟು. 2024ರ ಮಾರ್ಚಿನಲ್ಲಿ ಬೆಂಗಳೂರಿಂದ ಮೈಸೂರಿಗೆ ಹೊರಟ ಬಸ್ಸಿನಲ್ಲಿ ಒಬ್ಬ ಅಜ್ಜಿ, ಮೊಮ್ಮಗಳು, ಪಂಜರದಲ್ಲಿ ನಾಲ್ಕು ಹಕ್ಕಿ. ಅಜ್ಜಿ ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಬಿಟ್ಟಿ. ಹಕ್ಕಿಗೆ ತಲಾ 111 ರೂಪಾಯಿ, ಒಟ್ಟು 444. ಆ ಟಿಕೆಟ್ಟು ಇಡೀ ದೇಶ ಸುತ್ತಿತು, ಪತ್ರಿಕೆಗಳಲ್ಲಿ. ಮನುಷ್ಯರು ಬಿಟ್ಟಿ, ರೆಕ್ಕೆಯಿದ್ದೂ ಹಾರದೆ ಬಸ್ಸು ಹತ್ತಿದ್ದಕ್ಕೆ ಹಕ್ಕಿಗೆ ದಂಡ! ನನಗಂತೂ ಅದು ನ್ಯಾಯವಾಗಿಯೇ ಕಂಡಿತು. ಲೆಕ್ಕಕ್ಕೆ ಸಿಕ್ಕಿತಲ್ಲ ಪ್ರಾಣಿ, ಅದು ಮುಖ್ಯ.

ನಮ್ಮಲ್ಲಿ ಒಂದು ಕಾಲಕ್ಕೆ ದೋಣಿಗೂ ಪ್ರಾಣಿಗೂ ಈ ತಕರಾರೇ ಇರಲಿಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸರವನೊಬ್ಬ, ಡೊಮಿಂಗೊ ಪಾಯೆಸ್ ಅಂತ (ಹೆಸರು ಕೇಳಿದೊಡನೆ ನಮ್ಮನೆಯವಳಿಗೆ ಶ್ಯಾವಿಗೆ ನೆನಪಾಯಿತು), ತುಂಗಭದ್ರೆಯನ್ನು ಆನೆಗೊಂದಿಯ ಹತ್ತಿರ ಹರಿಗೋಲಿನಲ್ಲಿ ದಾಟುವುದನ್ನು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ಗುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು ಅನ್ನುತ್ತಾನೆ. ಆದರೆ ಹೆಚ್ಚಿನ ಸಲ ಆ ಪ್ರಾಣಿಗಳು ಈಜಿಕೊಂಡೇ ದಾಟುತ್ತವಂತೆ. ಈ ದೋಣಿ ನೆಟ್ಟಗೆ ಹೋಗುವುದಿಲ್ಲ, ಸುತ್ತುತ್ತಲೇ ಇರುತ್ತದೆ ಅಂತಲೂ ಸೇರಿಸಿದ್ದಾನೆ. ಗಮನಿಸಿ. ಈಜು ಬರುವ ಕುದುರೆ ನೀರಿಗಿಳಿಯಿತು, ಈಜು ಬಾರದ ಮನುಷ್ಯ ಬುಟ್ಟಿ ಹತ್ತಿದ. ದೋಣಿಯೆಂಬುದು ಯಾರ ಕೈಲಾಗದತನಕ್ಕೆ ಹುಟ್ಟಿಕೊಂಡದ್ದೆಂದು ಇಷ್ಟರಿಂದಲೇ ತಿಳಿಯುತ್ತದೆ.

ಹಂಪಿಯ ಕಡೆ ಸೇತುವೆಗಳು ಬರುವ ತನಕ ಹರಿಗೋಲಿನಲ್ಲಿ ಆಡು, ಕುರಿ, ಸೈಕಲ್ಲು, ಬೀಗರು ಎಲ್ಲ ಒಟ್ಟಿಗೇ ದಾಟುತ್ತಿದ್ದರು. ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ ಲಾಂಚು ಇಡೀ ಬಸ್ಸನ್ನೇ ಹೊತ್ತುಕೊಂಡು ಸಿಗಂದೂರಿನ ದಡ ಮುಟ್ಟಿಸುತ್ತಿತ್ತು. ಬಸ್ಸಿನೊಳಗೆ ಕೋಳಿಯಿದ್ದರೆ ಕೋಳಿಯೂ ಹಡಗಿನ ಪ್ರಯಾಣಿಕನೇ. 2025ರ ಜುಲೈಯಲ್ಲಿ ಅಲ್ಲಿ ಸೇತುವೆಯಾಯಿತು. ಆರು ದಶಕ ದ್ವೀಪದಂತೆ ಬದುಕಿದ ಆ ಜನಕ್ಕೆ ಅದು ಎಷ್ಟು ದೊಡ್ಡ ಬಿಡುಗಡೆಯೆಂದು ನಮ್ಮಂಥ ಹೆದ್ದಾರಿ ಪಕ್ಕದವರು ಮಾತಾಡಬಾರದು. ನಾನು ಹೇಳುವುದು ಇಷ್ಟೇ: ದಾಟಲೇಬೇಕಾಗಿದ್ದಾಗ ದೋಣಿಯಲ್ಲಿ ಕುರಿಗೂ ಜಾಗವಿತ್ತು. ದಾಟುವುದು ತಪ್ಪಿ, ಸುಮ್ಮನೆ ಸುತ್ತು ಹೊಡೆದು ಹೊರಟ ಜಾಗಕ್ಕೇ ಬಂದು ಇಳಿಯುವ ‘ಬೋಟಿಂಗ್’ ಶುರುವಾಯಿತು ನೋಡಿ, ಬೋರ್ಡೂ ಶುರುವಾಯಿತು.

ದೇವರುಗಳು ಮಾತ್ರ ಇವತ್ತಿಗೂ ಹಳೆಯ ಪದ್ಧತಿಯವರು. ತೆಪ್ಪೋತ್ಸವದಲ್ಲಿ ಶಿವ ನಂದಿಯನ್ನು ದಡದಲ್ಲಿ ಕಟ್ಟಿಹಾಕಿ ಬರುತ್ತಾನೆಯೆ? ಗಣಪತಿಯನ್ನು ಕೆರೆಗೆ ಬಿಡುವ ದಿನ ತೆಪ್ಪದ ಮೇಲೆ ಇಲಿಯೂ ಇರುತ್ತದೆ, ಪಾಪ, ಅದಕ್ಕೆ ವಾಪಸಿನ ಟಿಕೆಟ್ಟಿಲ್ಲ ಅಷ್ಟೆ.

ಇಷ್ಟು ವಾದ ಮಂಡಿಸುತ್ತಿರುವಾಗ ಮೇಷ್ಟ್ರು ಮತ್ತೆ ಬಂದರು. ಅವರು ಹೇಳಿದ್ದು ಮಾತ್ರ ಈ ಸಲ ನನ್ನ ಬಾಯಿ ಕಟ್ಟಿತು. ನಮ್ಮ ಶಿಂಷೆ ಹರಿದುಹೋಗುವ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಊರು. ಕ್ರಿ.ಶ. 950ರ ಸುಮಾರಿನ ಒಂದು ಶಾಸನ ಅಲ್ಲಿ ಸಿಕ್ಕಿತು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ತಕ್ಕೋಲದ ಕಾಳಗದಲ್ಲಿ ಚೋಳರನ್ನು ಸೋಲಿಸಿದ. ಬೂತುಗನ ಕಡೆ ಚೆನ್ನಾಗಿ ಕಾದಿದ ಮಣಲೇರನೆಂಬ ವೀರನಿಗೆ ‘ಏನು ಬೇಕು ಕೇಳು’ ಅಂದರೆ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ದೊರೆಯ ಬೇಟೆನಾಯಿ ಕಾಳಿಯನ್ನು ಕೊಡಿ ಅಂದ. ಕೊಟ್ಟರು. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ನಾಯಿ, ಹಂದಿ ಹೋರಾಡುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೊರೆದ ನಾಡಿದು. ಇವತ್ತು ಮಷೀನಿನಲ್ಲಿ ಒತ್ತಲು ಬರುವುದಿಲ್ಲ.

ಕಥೆ ಕೇಳಿ ನಮ್ಮನೆಯವಳ ಕಣ್ಣು ತುಂಬಿತು. ಕೆಂಚನ ತಲೆ ಸವರಿದಳು. ಕೆಂಚನ ಪರಾಕ್ರಮ ಇದುವರೆಗೆ ಒಂದು ಹೆಗ್ಗಣವನ್ನು ದೂರದಿಂದ ಬೊಗಳಿದ್ದರಲ್ಲಿ ಮುಗಿದಿದೆ ಅಂತ ನಾನು ನೆನಪಿಸಲಿಲ್ಲ.

ಹೀಗಾಗಿ ತೀರ್ಮಾನವಾಯಿತು: ಕೌಂಟರಿಲ್ಲದ ಕೆರೆಗೆ ಹೋಗುವುದು. ಸಿದ್ಧತೆ ಶುರು. ಮಗ ನಾಯಿಯ ಜೀವರಕ್ಷಕ ಅಂಗಿಯೊಂದನ್ನು ಆನ್‌ಲೈನಿನಲ್ಲಿ ತರಿಸಿಕೊಟ್ಟ. ಬೆನ್ನ ಮೇಲೆ ಚೀಲಕ್ಕಿದ್ದ ಹಾಗೆ ಹಿಡಿ. ನೀರಿಗೆ ಬಿದ್ದರೆ ಆ ಹಿಡಿ ಹಿಡಿದು ಎತ್ತುವುದಂತೆ. ಒಂಬತ್ತು ವರ್ಷದ ಹಿಂದೆ ಮಂಡಿಯ ಚೀಲದ ಪಕ್ಕದಲ್ಲಿ ಸಿಕ್ಕಿದವನು ಕೊನೆಗೂ ಚೀಲವೇ ಆದ. ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ನನ್ನ ಮುಖವನ್ನು ಒಂದು ನಿಮಿಷ ಪರೀಕ್ಷೆ ಮಾಡಿ, ಆಮೇಲೆ ನಾಯಿಯದನ್ನು ಮಾಡಿದರು. ಹೇಳಿದ್ದರಲ್ಲಿ ಒಂದೂ ತೆಗೆದುಹಾಕುವಂಥದ್ದಲ್ಲ. ನಾಯಿಯನ್ನು ದೋಣಿಗೆ ಕಟ್ಟಲೇಬಾರದು, ಮಗುಚಿದರೆ ಹಗ್ಗವೇ ಮೃತ್ಯು. ಎಲ್ಲ ನಾಯಿಯೂ ಈಜುತ್ತದೆಂದು ನಂಬಬಾರದು, ಪಗ್ಗಿನಂಥ ಚಪ್ಪಟೆ ಮೂತಿಯವು ಕಲ್ಲಿನ ಹಾಗೆ ಇಳಿಯುತ್ತವೆ. ಕೆರೆಯ ಮೇಲೆ ಹಸಿರು ಬಣ್ಣ ಬಳಿದಂತೆ ಪಾಚಿ ಕಟ್ಟಿದ್ದರೆ ಆ ನೀರು ಕುಡಿಯಲು ಬಿಡಬಾರದು, ಕೆಲವು ಬಗೆಯ ಪಾಚಿ ನಾಯಿಯ ಪ್ರಾಣವನ್ನೇ ತೆಗೆಯುತ್ತದೆ. ಇಲಿ ಜ್ವರದ ಲಸಿಕೆ ಆಗಿರಬೇಕು. ಬಿಸಿಲಲ್ಲಿ ಕೂರಿಸಬಾರದು, ನಮ್ಮ ಹಾಗೆ ಮೈಯೆಲ್ಲ ಬೆವರಿ ತಣ್ಣಗಾಗುವ ಅನುಕೂಲ ಅದಕ್ಕಿಲ್ಲ.

‘ನಿಮಗೆ ಈಜು ಬರುತ್ತಾ?’ ಅಂತ ಕೊನೆಗೆ ಕೇಳಿದರು.

‘ಇಲ್ಲ.’

‘ಅಂಗಿ ನಿಮಗೂ ಒಂದು ತರಿಸಿಕೊಳ್ಳಿ.’

ತರಿಸಲು ಹೊತ್ತಿರಲಿಲ್ಲ. ಪರಿಚಯದ ರೈತರೊಬ್ಬರು, ಕಡಬದ ಕಡೆಯವರು, ಮಂಡಿಗೆ ಬದನೆಕಾಯಿ ತರುತ್ತಿದ್ದವರು, ತಮ್ಮೂರ ಕೆರೆಯಲ್ಲಿ ಮೀನು ಹಿಡಿಯುವ ಹುಡುಗನಿಗೆ ಹೇಳಿಟ್ಟಿದ್ದರು. ಬೆಳಿಗ್ಗೆ ಆರಕ್ಕೆ ಹೊರಟು, ದಾರಿಯಲ್ಲಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು, ಕೆರೆ ಏರಿ ಹತ್ತಿದೆವು. ಹುಡುಗ ಹರಿಗೋಲು ತೋರಿಸಿದ. ನನ್ನ ಕೈಯಲ್ಲಿದ್ದ ಇಡ್ಲಿಯನ್ನೂ ಅದನ್ನೂ ನೋಡಿದೆ. ಆಕಾರ ಒಂದೇ, ಇಡ್ಲಿಗೆ ಅಂಚು ಇಲ್ಲ, ಇದಕ್ಕೆ ಒಂದು ಮೊಳ ಅಂಚು. ಪಾಯೆಸನ ಕಾಲದ ಚರ್ಮ ಹೋಗಿ ಈಗ ಫೈಬರ್. ಉಳಿದಂತೆ ಐನೂರು ವರ್ಷದಲ್ಲಿ ಯಾರೂ ಏನೂ ಸುಧಾರಿಸಿಲ್ಲ. ಇನ್ನೊಬ್ಬ ಮೀನುಗಾರ ಅತ್ತ ಥರ್ಮಾಕೋಲಿನ ಹಲಗೆಯ ಮೇಲೆ ಚಕ್ಕಂಬಕ್ಕಲ ಹಾಕಿಕೊಂಡು ಬಲೆ ಬಿಡಿಸುತ್ತಿದ್ದ, ದೇವರಕೋಣೆಯಲ್ಲಿ ಕೂತಷ್ಟು ನಿಶ್ಚಿಂತೆ.

ನಮ್ಮನೆಯವಳು ದಡದಲ್ಲೇ ಇರುತ್ತೇನೆ, ಪಟ ತೆಗೆಯಬೇಕು ಅಂದಳು. ಇಷ್ಟು ದಿನದ ಸಂಚು ಆಗ ಅರ್ಥವಾಯಿತು.

ಹುಡುಗ ನನ್ನನ್ನು ಕೈ ಹಿಡಿದು ಹತ್ತಿಸಿದ. ನಾನು ಅತ್ತ ಕಾಲಿಟ್ಟರೆ ಬುಟ್ಟಿ ಅತ್ತ ವಾಲಿತು, ಇತ್ತ ಇಟ್ಟರೆ ಇತ್ತ. ‘ನಡುವೆ ಸಾ, ನಡುವೆ! ಅಂಚು ಹಿಡೀಬ್ಯಾಡಿ!’ ಅಂದ. ಅಂಚು ಬಿಟ್ಟು ಇನ್ನೇನನ್ನು ಹಿಡಿಯಲಿ, ಅವನ ಕಾಲು ಹಿಡಿದೆ. ಆಮೇಲೆ ಕೆಂಚನಿಗೆ ಶಿಳ್ಳೆ ಹಾಕಿದ. ಪೈಪು ಕಂಡರೆ ಹೆದ್ದಾರಿಗೆ ಓಡುವ ನನ್ನ ನಾಯಿ, ಯಾರೋ ಕಾಣದ ಹುಡುಗನ ಶಿಳ್ಳೆಗೆ, ಒಂದೇ ನೆಗೆತಕ್ಕೆ ಬಂದು ಸರಿಯಾಗಿ ನಡುವೆ ಕೂತಿತು. ಬಾಲವನ್ನೂ ಒಳಗೆ ಎಳೆದುಕೊಂಡಿತು.

ಹುಟ್ಟು ನೀರಿಗೆ ಬಿತ್ತು. ಹರಿಗೋಲು ಸುತ್ತತೊಡಗಿತು. ಏರಿ ಬಂತು, ತೆಂಗಿನ ತೋಟ ಬಂತು, ಗುಡ್ಡ ಬಂತು, ಮೊಬೈಲು ಹಿಡಿದ ನಮ್ಮನೆಯವಳು ಬಂದಳು, ಮತ್ತೆ ಏರಿ ಬಂತು. ಪಾಯೆಸ್ ಸುಳ್ಳು ಬರೆದಿರಲಿಲ್ಲ. ಆರನೇ ಸುತ್ತಿಗೆ ಇಡ್ಲಿ ಗಂಟಲ ತನಕ ಬಂದು ನಿಂತಿತು. ‘ಸಾಕಪ್ಪಾ, ತಿರುಗಿಸು’ ಅಂದೆ. ‘ತಿರುಗ್ತಾನೇ ಐತಲ್ಲ ಸಾ’ ಅಂದ. ನಾನು ಎದ್ದು ನಿಲ್ಲಲು ಹೋದೆ, ಯಾಕೆಂದು ಈಗಲೂ ಗೊತ್ತಿಲ್ಲ. ಬುಟ್ಟಿ ಒಂದು ಬೊಗಸೆ ನೀರು ಕುಡಿಯಿತು. ಕೆಂಚ ನನ್ನ ಪಂಚೆಯ ಅಂಚನ್ನು ಕಚ್ಚಿ ಕೆಳಕ್ಕೆ ಎಳೆದ. ಎಳೆದನೋ, ಹೆದರಿ ಕಚ್ಚಿದನೋ, ಮೇಷ್ಟ್ರ ಹತ್ತಿರ ಮಾತ್ರ ಕಾಳಿಯ ವಂಶದವನೆಂದೇ ಹೇಳಿದ್ದೇನೆ.

‘ತೆಪ್ಪಗೆ ಕುಂತ್ಕಳ್ಳಿ ಸಾ’ ಅಂದ ಹುಡುಗ.

ಆ ಮಾತಿಗೆ ಇದಕ್ಕಿಂತ ಸರಿಯಾದ ಜಾಗ ಇರಲಾರದು. ಕೂತೆ. ಕಾಲು ಗಂಟೆ ಕಣ್ಣು ಮುಚ್ಚಿಕೊಂಡೇ ಜಲವಿಹಾರ ಮಾಡಿದೆ. ಒಂದು ಸಲ ಕಣ್ಣು ಬಿಟ್ಟಾಗ ಕೆಂಚ ಕಿವಿ ನಿಮಿರಿಸಿ, ನೀರಿನ ಮೇಲೆ ಹೋಗುವ ಒಂದು ನೀರುಕಾಗೆಯನ್ನು ನೋಡುತ್ತಿದ್ದ. ಬೊಗಳಲಿಲ್ಲ. ಅವನ ಮುಖದಲ್ಲಿ, ಬರ್ಮಿಂಗ್‌ಹ್ಯಾಮಿನ ಪಟದಲ್ಲಿದ್ದ ಅದೇ ಬೀಗರ ಗತ್ತು.

ದಡ ಮುಟ್ಟಿದ ಮೇಲೆ ಹುಡುಗನಿಗೆ ಎಷ್ಟಪ್ಪ ಅಂದೆ. ಬ್ಯಾಡ ಬಿಡಿ ಸಾ, ಗೌಡ್ರು ಹೇಳಿದ್ರಲ್ಲ ಅಂದ. ನಾನು ಬಿಡಲಿಲ್ಲ. ಮಂಡಿಯವನು, ಲೆಕ್ಕ ಚುಕ್ತಾ ಆಗಬೇಕು. ನನಗೆ ಪೂರ್ತಿ ಹಿಡಿ, ನಾಯಿಗೆ ಅರ್ಧ ಹಿಡಿ, ಬಸ್ಸಿನಲ್ಲೂ ಅಷ್ಟೇ ಅಂತ ಪರ್ಸು ತೆಗೆದೆ.

ಅವನು ಹುಟ್ಟನ್ನು ಒರೆಸಿ, ಕೆಂಚನನ್ನೂ ನನ್ನನ್ನೂ ಒಂದು ಸಲ ನೋಡಿದ.

‘ನಾಯಿಗೆ ಬ್ಯಾಡ ಸಾ, ಅದು ತೆಪ್ಪಗೆ ಕುಂತಿತ್ತು. ಕೊಡ್ಲೇಬೇಕು ಅಂದ್ರೆ ನಿಮ್ದೇ ಎರಡು ಟಿಕೆಟ್ ಕೊಡಿ.’